ಆಟದ ಸುದ್ದಿಯಲ್ಲಿ ಆಟವೇ ಇಲ್ಲ

ಬಂಧುಗಳೇ, ಸಂಜೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನನ್ನ ತಂಗಿಯ ಮಗಳು, ಇಳಕಲ್ಲಿನ ಟೀಚರ್ ಸುವರ್ಣಾ, ಮಕ್ಕಳು ಸೀರೆಯ ಸೆರಗು ನೇಯುತ್ತ ಮಗ್ಗಿ ಕಲಿಯುವ ಕಂಪ್ಯೂಟರ್ ಆಟ ಮಾಡಿದ್ದಾಳೆ. ಒಂದು ಸೆರಗು ಮುಗಿದರೆ ಮುಂದಿನದು ತೆರೆಯುತ್ತದೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಲೂಬಹುದು. ಪೇಪರಿನಲ್ಲಿ ಬಂದರೆ ಬೇರೆ ಶಾಲೆಗಳಿಗೂ ತಿಳಿದೀತೆಂದು ತನ್ನ ಶಾಲೆಯ ಇಂದಿನ ಕಾರ್ಯಕ್ರಮಕ್ಕೆ ವರದಿಗಾರನೊಬ್ಬನನ್ನು ಕರೆಸಿದ್ದಳು.

ಆಡಲು ಕೂತ ಆತ, ಅತಿಥಿಗಳು ಶಾಲು ಹೊದ್ದು ಫೋಟೋಕ್ಕೆ ನಿಂತರೂ ಏಳಲಿಲ್ಲ.

"ತಡೀರಿ ಸಾಹೇಬ್ರ, ಸೆರಗು ಅರ್ಧಾ ಆಗೇದ!"

ನಾವೆಲ್ಲ ಹಿಗ್ಗಿದೆವು.

ಈಗ ಸುದ್ದಿ ಮೊಬೈಲಿಗೆ ಬಂದಿದೆ. ಅತಿಥಿಗಳ ಹೆಸರುಗಳೆಲ್ಲ ಇವೆ, ಆಟದ ಮಾತೇ ಇಲ್ಲ. ತಡೆಯಲಾರದೆ ಅವನಿಗೆ ಫೋನ್ ಮಾಡಿದೆ.

"ಕಾಕಾ, ಆಮಂತ್ರಣ ಪತ್ರಿಕಿ ನೋಡಿ ಮುಂಜಾನೆನ ಬರದು ಕಳಿಸಿದ್ನಿ. ಅದಿರ್ಲಿ, ಮುಂದಿನ ಸೆರಗು ಹೆಂಗ ತೆರೀತದ ಹೇಳ್ರಿ."

"ಮೊದಲ ಸುದ್ದಿ ತಿದ್ದಿ ಹಾಕಪಾ, ಆಮ್ಯಾಲ ಹೇಳ್ತೇನಿ" ಎಂದು ಫೋನಿಟ್ಟೆ.

ಆ ಮುಂದಿನ ಸೆರಗು ತೆರೆಯುವುದು ಹೇಗೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಬೇಗ ತಿಳಿಸಿ. ನಾನೂ ಅಲ್ಲೇ ಸಿಕ್ಕಿಕೊಂಡಿದ್ದೇನೆ.