ಹೊಟ್ಟೆಗೊತ್ತಿದ ಉರುಮೆ

ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ನನ್ನಿವಾಳದ ದೇವರ ಎತ್ತುಗಳನ್ನು ಕಂಡಿರಲಿಲ್ಲ. ಕಾವಲಿನಲ್ಲಿ ಎಷ್ಟೇ ದೂರ ಮೇಯುತ್ತಿದ್ದರೂ ಊರಿನ ವಾದ್ಯ ಕಟ್ಟುವ ಉಗ್ರಪ್ಪ ತೊಗಲು ಬಿಗಿದ ಉರುಮೆ, ಕಡ್ಡಿ ತೀಡಿದೊಡನೆ ಗುಂಯ್ ಅಂದರೆ ಸಾಕು, ತಲೆಯೆತ್ತಿ ಓಡಿ ಬರುತ್ತಿದ್ದವು. ಬೇರೆಯವರ ಉರುಮೆಗೆ ಕಿವಿ ಕೂಡ ಅಲ್ಲಾಡಿಸುತ್ತಿರಲಿಲ್ಲ.

ಮೈಸೂರು ಸೀಮೆಗೆಲ್ಲ ಪ್ಲೇಗ್ ಬಂದಿದ್ದ ಕಾಲ ಅದು. ಉಗ್ರಪ್ಪನಿಗೆ ಬಂದದ್ದು ಬೇರೆಯದೇ ಜ್ವರ. ಜೀವ ಉಳಿಸಿ ಎರಡೂ ಕಿವಿಗಳನ್ನು ಕೊಂಡುಹೋಯಿತು. ದನಿ ಕೇಳದವನು ಉರುಮೆ ಬಿಗಿಯುವುದು ಹೇಗೆ? ಆಡು ಕಾಯಲು ಹೊರಟ. ಅದನ್ನೂ ನೆಟ್ಟಗೆ ಕಾಯಲಿಲ್ಲ ಅನ್ನಿ; ಆಡು ಎಲ್ಲಿ ಅರಚುತ್ತಿದೆ ಎಂದು ತಿಳಿಯಬೇಕಲ್ಲ.

ಕೆಲವು ವರ್ಷಗಳ ಮೇಲೆ ದೇವರ ಎತ್ತು ಕಾಯುವ ಜಂಪಣ್ಣ ಒಡೆದ ಉರುಮೆ ಹಿಡಿದು ಬಂದ. "ಎತ್ತು ಕರೆದ್ರೆ ಬರ್ತಿಲ್ಲ ಕಣಕ್ಕ. ತೋಳದ ಕಾಟ ಬೇರೆ ಐತೆ. ಅಣ್ಣ ಒಂದು ಕಟ್ಟಿಕೊಡ್ಲಿ" ಎಂದು ಉಗ್ರಪ್ಪನ ಹೆಂಡತಿ ಕರಿಯಕ್ಕನ ಹತ್ತಿರ ಅಂಗಲಾಚಿದ. ತಾನೇ ಕಟ್ಟಿದ್ದ ಆ ಉರುಮೆಯನ್ನು ನೋಡಲಾರದೆ ಉಗ್ರಪ್ಪ ಮುಖ ತಿರುಗಿಸಿದ.

ಕರಿಯಕ್ಕ ಬಿಡಲಿಲ್ಲ. ಮೊಳಕಾಲ್ಮೂರು ಸಂತೆಯಿಂದ ತೊಗಲು ತರಿಸಿದಳು. ಐವತ್ತು ದಾಟಿದ ಗಂಡನನ್ನು ಕೂರಿಸಿ, ಉರುಮೆಯನ್ನು ಅವನ ಹೊಟ್ಟೆಗೆ ಒತ್ತಿ ಹಿಡಿದು, ತಾನೇ ಕಡ್ಡಿ ತೀಡಿದಳು. ಹುರಿ ಸಡಿಲವಿದ್ದಾಗ ತೊಗಲಿನ ನಡುಕ ಹೊಟ್ಟೆಯ ಮೇಲುಮೇಲೆಯೇ ಸತ್ತಿತು. ಬಿಗಿದಂತೆಲ್ಲ ಒಳಕ್ಕಿಳಿಯಿತು. ಅವಳು ತಲೆಯಾಡಿಸಿದರೆ ಸರಿ, ಹುಬ್ಬು ಗಂಟಿಕ್ಕಿದರೆ ತಪ್ಪು. ಬೇಸಗೆಯೆಲ್ಲ ಇದೇ ಪಾಠ. "ಹೆಂಡ್ತಿ ಹತ್ರ ಓನಾಮ ಕಲೀತವ್ನೆ" ಎಂದು ಊರು ನಕ್ಕಿತು. ನಗುವವರಿಗೇನು, ಹಲ್ಲು ಬಿಟ್ಟರೆ ಆಯಿತು.

"ನಿಂಗ್ಯಾರೇ ಇದನ್ನ ಕಲಿಸಿದ್ದು?" ಎಂದು ಒಮ್ಮೆ ಕೇಳಿದ.

ಕರಿಯಕ್ಕ ತನ್ನ ಹೊಟ್ಟೆ ಮುಟ್ಟಿಕೊಂಡಳು. ತೋಳಲ್ಲಿ ಕೂಸು ತೂಗಿದಂತೆ ಮಾಡಿ, ಮುಷ್ಟಿಯಿಂದ ಹೊಟ್ಟೆಗೆ ಮೆಲ್ಲಗೆ ಗುದ್ದಿ, ಅದು ಒದೆಯುತ್ತಿದ್ದುದನ್ನು ತೋರಿಸಿದಳು. ಬಸುರಿಯಾಗಿದ್ದಾಗಲೂ ಅವನು ಹುರಿ ಬಿಗಿಯುವಾಗ ಉರುಮೆಯನ್ನು ತಬ್ಬಿ ಹಿಡಿಯುತ್ತಿದ್ದವಳು ಅವಳೇ. ದನಿ ಕೂಡಿತೆಂದರೆ ಒಳಗಿನ ಕೂಸು ಒದೆಯುತ್ತಿತ್ತು. ಹುಟ್ಟಿದಾಗ ಆ ಗಂಡುಕೂಸು ಉಸಿರಾಡಲಿಲ್ಲ. ಆಮೇಲೆ ಇಬ್ಬರೂ ಅದರ ಮಾತೆತ್ತಿರಲಿಲ್ಲ. ಉಗ್ರಪ್ಪನಿಗೆ ಅಳು ತಡೆಯಲಾಗಲಿಲ್ಲ.

ಉರುಮೆ ಸಿದ್ಧವಾದ ದಿನ ಗಂಡಹೆಂಡಿರಿಬ್ಬರನ್ನೂ ಕರೆದುಕೊಂಡು ಹೋಗಿ, ಕಾವಲಿನ ದಿಬ್ಬದ ಮೇಲೆ ನಿಂತು ಜಂಪಣ್ಣ ತೀಡಿದ. ಎತ್ತುಗಳು ಮೇಯುತ್ತಲೇ ಇದ್ದವು. ಉಗ್ರಪ್ಪನ ಮುಖ ಸಣ್ಣದಾಯಿತು. ಉರುಮೆಯನ್ನು ಕಿತ್ತುಕೊಂಡು, ಹೊಟ್ಟೆಗೊತ್ತಿ, ಹುರಿಯನ್ನು ಇನ್ನೊಂದಿಷ್ಟು ಬಿಗಿದು, ತಾನೇ ತೀಡಿದ. ದೂರದಲ್ಲಿ ಧೂಳೆದ್ದಿತು. ಮುದಿ ಎತ್ತು ಮುಂದಾಗಿ ಹಿಂಡಿಗೆ ಹಿಂಡೇ ಓಡಿ ಬಂತು.

ಜಂಪಣ್ಣ ಏನೋ ಕೂಗುತ್ತಾ ಕುಣಿಯುತ್ತಿದ್ದ. ಉಗ್ರಪ್ಪ ಅವನತ್ತ ತಿರುಗಲೂ ಇಲ್ಲ. ಉರುಮೆಯನ್ನು ಕರಿಯಕ್ಕನ ಹೊಟ್ಟೆಗೆ ಒತ್ತಿ ಹಿಡಿದು, ಮೆಲ್ಲಗೆ ಕಡ್ಡಿ ತೀಡಿದ.

"ಒದ್ದನೇನೇ?" ಎಂದ.

ಕರಿಯಕ್ಕ ಅಳುತ್ತಲೇ ತಲೆಯಾಡಿಸಿದಳು.