ವಿಚಾರಣೆಗೆ ಒಯ್ದ ಒಂದೇ ಪ್ರಶ್ನೆ

ವಾದ ಮಾಡಿ ನೌಕರಿ ಉಳಿಸಿಕೊಂಡಳು ಎಂದು ನಮ್ಮ ಕಾರ್ಖಾನೆಯಲ್ಲಿ ನನ್ನ ಬಗ್ಗೆ ಹೇಳುತ್ತಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಾರಿತೋಷಕ ಗೆದ್ದವಳು, ವಿಚಾರಣೆಯಲ್ಲಿ ಸಾಹೇಬರ ಬಾಯಿ ಮುಚ್ಚಿಸಿದಳಂತೆ. ಕೇಳಲು ಚೆನ್ನಾಗಿದೆ. ಆದರೆ ಅಂದು ನಾನು ವಾದವನ್ನೇ ಮಾಡಲಿಲ್ಲ. ಬಾಯಿ ಮುಚ್ಚಿಸಿದ್ದಂತೂ ಇಲ್ಲವೇ ಇಲ್ಲ.

ಗೋಕುಲ ರಸ್ತೆಯ ನಮ್ಮ ಕಾರ್ಖಾನೆಯಲ್ಲಿ ನೀರಿನ ಪಂಪಿನ ವಾಲ್ವ್‌ಗಳು ತಯಾರಾಗುತ್ತವೆ. ಪರೀಕ್ಷೆ ಮುಗಿದ ಮಾಲನ್ನು ಗಾಡಿಗೆ ಹಾಕಿಸಿ ಕಳಿಸುವುದು ನನ್ನ ಕೆಲಸ. ಅಲ್ಲಿ ಮುಖ್ಯ ಅಪ್ಪಣೆಗಳೆಲ್ಲ ಸಂಜೆಯ ಚಹಾದ ಹೊತ್ತಿಗೆ, ನಿಂತಲ್ಲೇ, ಬಾಯಿಮಾತಿನಲ್ಲಿ ಆಗಿಬಿಡುತ್ತವೆ. ‘ಬರೆದು ಕೊಡ್ರಿ’ ಎಂದರೆ, ಮನೆಗೆ ಬಂದ ಬೀಗರ ಮುಂದೆ ಚಹಾದ ಬಿಲ್ಲು ಇಟ್ಟಷ್ಟು ಅಸಭ್ಯ. ಹಾಗೆಯೇ ಒಂದು ಸಂಜೆ ನಮ್ಮ ವಿಭಾಗದ ಸಾಹೇಬರು, “ಗಾಡಿ ನಿಂತೈತ್ರಿ, ಕಳಿಸಿಬಿಡ್ರಿ. ಪರೀಕ್ಷಾದ್ದು ಆಮ್ಯಾಲೆ ನೋಡೂಣು” ಎಂದರು. ಕಳಿಸಿದೆ. ವಾಲ್ವ್‌ಗಳು ಸೋರಿದವು, ಮಾಲು ವಾಪಸ್ ಬಂತು. ನೋಟಿಸ್ ಬಂದದ್ದು ಮಾತ್ರ ನನ್ನ ಹೆಸರಿಗೆ: ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು?

ವಿಚಾರಣೆಗೆ ಜೊತೆಗೊಬ್ಬ ಸಹೋದ್ಯೋಗಿಯನ್ನು ಕರೆದೊಯ್ಯಬಹುದಿತ್ತು. ಲೆಕ್ಕಪತ್ರ ವಿಭಾಗದ ಹಿರಿಯ ಅಕ್ಕನನ್ನು ಕೇಳಿಕೊಂಡೆ. ರವಿವಾರ ಗೋಪನಕೊಪ್ಪದ ಅವರ ಮನೆಗೆ ಕಾಗದಗಳ ಚೀಲ ಹೊತ್ತು ಹೋದೆ. ನನ್ನ ಉತ್ತರದ ಕರಡನ್ನು ಅವರು ಅರ್ಧ ಓದಿ ಕೆಳಗಿಟ್ಟರು.

“ಇದೇನವಾ, ಭಾಷಣಾ ಬರದೀ. ಅಲ್ಲೆ ಚಪ್ಪಾಳಿ ಹೊಡ್ಯಾಕ ಯಾರೂ ಬಂದಿರಂಗಿಲ್ಲ.”

ಮೊದಲು ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಲು ಹೇಳಿದರು: ಮಾಲು ಹೋದ ದಿನದ ಚೀಟಿ, ನೋಟಿಸಿನ ನಕಲು, ಸಾಹೇಬರು ಕೊಟ್ಟ ಹೇಳಿಕೆ. ಆಮೇಲೆ ಕರಡಿನಲ್ಲಿ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಬರೀ ಊಹಿಸಿದ್ದು, ಒಂದೊಂದಕ್ಕೂ ಬೇರೆ ಬಣ್ಣದ ಗೆರೆ ಹಾಕಿಸಿದರು. ಊಹೆಯ ಕೆಂಪು ಗೆರೆಯೇ ಪುಟ ತುಂಬಿತು. ಸಾಹೇಬರಿಗೆ ನನ್ನನ್ನು ಕಂಡರೆ ಆಗದು, ಇದನ್ನು ಮೊದಲೇ ಯೋಚಿಸಿ ಇಟ್ಟಿದ್ದರು, ಸುಳ್ಳು ಹೇಳಿದ್ದಾರೆ. ಎಲ್ಲವೂ ಕೆಂಪು.

“ಸುಳ್ಳು ಹೇಳಿದ್ದು ಖರೇ ಐತಿ ಅಕ್ಕಾ,” ಎಂದು ಜಗಳಕ್ಕೇ ನಿಂತೆ.

“ಎಲ್ಲೆ ಹೇಳ್ಯಾರ, ತೋರ್ಸು.”

ಹೇಳಿಕೆಯನ್ನು ಮತ್ತೆ ಓದಿದೆ. ಪರೀಕ್ಷೆ ಮುಗಿಯದೆ ಮಾಲು ಹೊರಗೆ ಹೋಯಿತು ಎಂದಷ್ಟೇ ಇತ್ತು. ಯಾರ ಮಾತಿನ ಮೇಲೆ ಹೋಯಿತು ಎಂಬುದಿರಲಿಲ್ಲ. ಹಾಗೆಂದು ಅವರನ್ನು ಯಾರೂ ಕೇಳಿಯೂ ಇರಲಿಲ್ಲ. ಎದುರಾಳಿ ಆಡದ ಮಾತಿಗೆ ಉತ್ತರ ಕೊಡುವವರನ್ನು ಸ್ಪರ್ಧೆಗಳಲ್ಲಿ ನಾನು ಎಷ್ಟು ಹಾಸ್ಯ ಮಾಡಿದ್ದೆ. ನೌಕರಿ ಹೋಗುವ ಹೆದರಿಕೆಯಲ್ಲಿ ನಾನೂ ಅದನ್ನೇ ಮಾಡಿ ಕುಳಿತಿದ್ದೆ.

ವಿಚಾರಣೆಯ ದಿನ ಕಾಗದಗಳು ಅದೇ ಕ್ರಮದಲ್ಲಿ ಮುಂದಿದ್ದವು. ನಾಲಿಗೆಯ ತುದಿಗೆ ಬಂದ ಮಾತುಗಳನ್ನೆಲ್ಲ ನುಂಗಿಕೊಂಡೆ. ಸಾಹೇಬರನ್ನು ಪ್ರಶ್ನಿಸುವ ಸರದಿ ಬಂದಾಗ ಒಂದನ್ನೇ ಕೇಳಿದೆ. “ಅವತ್ತು ಚಹಾ ಕುಡಿಯೂ ಹೊತ್ತಿನ್ಯಾಗ ‘ಮಾಲು ಕಳಿಸಿಬಿಡ್ರಿ’ ಅಂದವ್ರು ಯಾರ್ರೀ ಸರ್?”

ನಿವೃತ್ತಿ ಹತ್ತಿರವಿದ್ದ ಮನುಷ್ಯ. ವಿಚಾರಣಾಧಿಕಾರಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು.

“ನಾನ ಅಂದಿದ್ದೇರಿ,” ಎಂದರು. “ಲಗೂ ಕಳಿಸ್ರಿ ಅಂತ ನನಗ ಮ್ಯಾಲಿಂದ ಫೋನ್ ಬಂದಿತ್ತು. ನನಗೂ ಯಾರೂ ಬರದು ಕೊಟ್ಟಿರಲಿಲ್ಲ.”

ನನ್ನ ಮೇಲಿನ ಆರೋಪ ಬಿದ್ದುಹೋಯಿತು. ಅವರಿಗೆ ಎಚ್ಚರಿಕೆ ಪತ್ರ ಹೋಯಿತು. ಫೋನ್ ಮಾಡಿದವರಿಗೆ ಏನೂ ಹೋಗಲಿಲ್ಲ.

ಮರುದಿನ ಚಹಾದ ಹೊತ್ತಿಗೆ ಸಾಹೇಬರ ಸುತ್ತ ಯಾರೂ ಇರಲಿಲ್ಲ. ಚಹಾದ ಕಪ್ ಹಿಡಿದು ನಾನೇ ಹೋದೆ. “ಬರ್ರಿ,” ಎಂದು ಸರಿದು ನೆರಳಿನಲ್ಲಿ ಜಾಗ ಮಾಡಿಕೊಟ್ಟರು. ಕೇಳದೆ ಇರಬೇಕೆಂದುಕೊಂಡೇ ಹೋಗಿದ್ದೆ. ಆದರೂ ಕೇಳಿದೆ.

“ಸರ್, ನಾ ಕೇಳದ ಇದ್ದಿದ್ರ, ನೀವಾಗಿ ಹೇಳತಿದ್ರೇನ್ರಿ?”