ಐತವಾರದ ಪುಟ

ಬೀದರಿನಿಂದ ಸಂತಪುರದ ಶಾಲೆಗೆ ನಾನೂ ನನ್ನ ಜೊತೆಯ ಶಿಕ್ಷಕಿಯೊಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ವಿಜ್ಞಾನ ಕಲಿಸುತ್ತಿದ್ದ ಆ ಮೇಡಂ ಸೀಟು ಸಿಕ್ಕ ಕೂಡಲೇ ದಪ್ಪ ಡೈರಿಯೊಂದನ್ನು ತೊಡೆಯ ಮೇಲೆ ತೆರೆಯುತ್ತಿದ್ದರು. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಶಾಲೆಯ ಕೆಲಸ, ಬಲಕ್ಕೆ ಮನೆಯ ಕೆಲಸ ಬರೆಯುವರು. ಬಸ್ಸು ಕುಲುಕಿ ಅಕ್ಷರ ಸೊಟ್ಟಗಾದರೆ ಅಳಿಸಿ ಮತ್ತೆ ಬರೆಯುವರು. ಆಗದೆ ಉಳಿದದ್ದನ್ನು ಮುಂದಿನ ಪುಟಕ್ಕೆ ಸಾಗಿಸುತ್ತ, “ಬರದಿಟ್ರ ಎಲ್ಲಾ ಆಗ್ತದರಿ,” ಎನ್ನುತ್ತಿದ್ದರು.

ಐತವಾರದ ಪುಟದಲ್ಲಿ ಮಾತ್ರ ಪ್ರತಿ ವಾರ ಒಂದೇ ಸಾಲು ಇರುತ್ತಿತ್ತು: ‘ಭಾಲ್ಕಿಗೆ ಹೋಗಿ ಅಕ್ಕನನ್ನು ನೋಡುವುದು.’ ಅಕ್ಕ ವರ್ಷದಿಂದ ಹಾಸಿಗೆ ಹಿಡಿದಿದ್ದರು. ಶನಿವಾರ ಮೇಡಂ ಬಸ್ಸಿನಿಂದಲೇ ಅವರಿಗೆ ಫೋನು ಮಾಡುತ್ತಿದ್ದರು. “ನಾಳಿ ಬರ್ತೇನಿ ಅಕ್ಕಾ, ಡೈರಿದಾಗ ಬರದೀನಿ.” ಸೋಮವಾರ ಕೇಳಿದರೆ ಉತ್ತರಪತ್ರಿಕೆಗಳೋ ನೆಂಟರೋ ಅಡ್ಡ ಬಂದಿರುತ್ತಿದ್ದರು.

ಒಂದು ಬುಧವಾರ ಮೊದಲ ಪಿರಿಯಡ್ಡಿನಲ್ಲೇ ಅಕ್ಕ ತೀರಿಕೊಂಡರೆಂದು ಫೋನು ಬಂತು. ನಾನೇ ಮೇಡಂ ಅವರನ್ನು ಭಾಲ್ಕಿಗೆ ಕರೆದುಕೊಂಡು ಹೋದೆ. ಪಡಸಾಲೆಯಲ್ಲಿ ಅಕ್ಕನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಮೇಡಂ ಅಳಲಿಲ್ಲ. ಅಕ್ಕನ ಮಗಳು ಬಂದು ಪಕ್ಕದಲ್ಲಿ ಕೂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಚಿಕ್ಕವ್ವಾ, ಅವ್ವ ಪ್ರತಿ ಐತವಾರ ನಿನಗಂತ ಅಡಗಿ ಮಾಡಸ್ತಿದ್ಳು. ನೀ ಬರೂತನಕ ತಾನೂ ಉಣ್ತಿದ್ದಿಲ್ಲ. ಸಂಜಿಮುಂದ ನಾವೇ ಜಬರ್ದಸ್ತಿ ಉಣಸ್ತಿದ್ದಿವಿ.”

ಮೇಡಂ ಅವಳ ಕೈ ಹಿಡಿದುಕೊಂಡರು. “ಮೊನ್ನಿ ಐತವಾರನೂ?”

ಹುಡುಗಿ ಅವ್ವನ ಸೆರಗು ಸರಿಮಾಡಿದಳು.

“ಮೊನ್ನಿ ಉಣ್ಣಲೇ ಇಲ್ಲ ಚಿಕ್ಕವ್ವಾ.”